ಮಗನಿಗೆ ಕೊರೊನಾ ಪಾಸಿಟಿವ್, ಎಕ್ಸ್‌ರೇಯಲ್ಲಿ ಮಬ್ಬು ಉಂಟಂತೆ. ಸಿಟಿ ಸ್ಕ್ಯಾನ್ ಮಾಡಿಸಲೇಬೇಕಾ?

ಸುರತ್ಕಲ್ ಅಮ್ಮ
ಎಲ್ಲರಿಗೂ ನಮಸ್ಕಾರ. ಮಗನಿಗೆ ಆರು ವರ್ಷ, ಒಂದನೇ ಕ್ಲಾಸ್. ಸೋಮವಾರ ಶಾಲೆಯಿಂದ ಬರುವಾಗಲೇ ಮೈ ಬಿಸಿ ಇತ್ತು. ರಾತ್ರಿ 102 ಜ್ವರ, ಒಣ ಕೆಮ್ಮು. ಕುಡಿಸಿದ ಗಂಜಿ ತಿಳಿಯೂ ವಾಂತಿ ಆಯ್ತು. ಮರುದಿನ ಹೊಟ್ಟೆನೋವು ಅಂತ ಅಳು. ಮಳೆಗಾಲ ಅಲ್ವಾ, ಡೆಂಗಿಯೇ ಇರಬೇಕು ಅಂತ ರಕ್ತ ಪರೀಕ್ಷೆಗೆ ಓಡಿದೆವು. ಡೆಂಗಿ ಇಲ್ಲ, ಮಲೇರಿಯಾ ಇಲ್ಲ. ಮೂಗಿನ ಸ್ವಾಬ್ ಕೊಟ್ಟದ್ದರಲ್ಲಿ ಕೊರೊನಾ ಬಂತು.

ಡಾಕ್ಟ್ರು ಎಕ್ಸ್‌ರೇ ಒಂದು ತೆಗೆಸಿದರು. ರಿಪೋರ್ಟಲ್ಲಿ ಬರೆದಿರುವುದು: "ಎರಡೂ ಕಡೆ ಪೆರಿಹೈಲರ್ ಪೆರಿಬ್ರಾಂಕಿಯಲ್ ಥಿಕನಿಂಗ್, ಬಲಗಡೆ ಕೆಳಗೆ ಸಣ್ಣ ಹೇಜಿನೆಸ್." ಡಾಕ್ಟ್ರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಏನೂ ಇಲ್ಲ, ಪ್ಯಾರಾಸಿಟಮಾಲ್ ಕೊಡಿ, ನೀರು ಕುಡಿಸಿ, ಉಸಿರು ನೋಡ್ತಾ ಇರಿ" ಅಂದ್ರು, ಅಷ್ಟೇ. ಆಮ್ಲಜನಕ 97, 98 ತೋರಿಸ್ತಾ ಉಂಟು.

ಈಗ ಮುಂಬಯಿಯಿಂದ ಭಾವನವರ ಫೋನು ನಿಲ್ಲುವುದಿಲ್ಲ. "ಮಬ್ಬು ಅಂತ ಬರೆದ ಮೇಲೂ ಸಿಟಿ ಮಾಡಿಸದೆ ಕೂತಿದ್ದೀರಾ, ನಾಳೆ ಹೆಚ್ಚುಕಮ್ಮಿ ಆದ್ರೆ ಯಾರು ಹೊಣೆ" ಅಂತ. ಮನೆಯವರೂ ಅತ್ತ ವಾಲಿದ್ದಾರೆ. ನನಗೆ ಎಂತ ಮಾಡುವುದು ಗೊತ್ತಾಗ್ತಾ ಇಲ್ಲ.

ಕುಂದಾಪ್ರ ಹೈದ
ಹ್ವಾಯ್, ಕೊರೊನಾ ಇನ್ನೂ ಇತ್ತಾ ಮಾರ್ರೆ? ನಾನ್ ಅದ್ ಹೋಯ್ತ್ ಅಂದ್ಕಂಡಿದ್ದೆ. ಮಗು ಬೇಗ ಹುಷಾರಾಗ್ಲಿ.

ಬಜ್ಪೆ ರೈ
ಅಕ್ಕಾ, ನಾನಾದ್ರೆ ಮಾಡಿಸಿಬಿಡ್ತಿದ್ದೆ. 2021ರ ಮೇ ತಿಂಗಳು ನೆನಪುಂಟಲ್ಲ? ನಮ್ಮ ಅಪ್ಪನಿಗೆ ಎಕ್ಸ್‌ರೇ ಚೆನ್ನಾಗಿಯೇ ಇತ್ತು, ಸಿಟಿಯಲ್ಲಿ ನೋಡಿದ್ರೆ ಸ್ಕೋರ್ 25ಕ್ಕೆ 14. ಆವಾಗಲೇ ಅಡ್ಮಿಟ್ ಮಾಡಿದ್ದಕ್ಕೆ ಇವತ್ತು ತೋಟಕ್ಕೆ ಹೋಗಿ ಅಡಿಕೆ ಹೆಕ್ಕುತ್ತಾರೆ. ಹಣ ಹೋದ್ರೆ ಹೋಗ್ಲಿ. ಸಂಶಯ ಇಟ್ಕೊಂಡು ರಾತ್ರಿ ನಿದ್ದೆ ಬರುವುದಿಲ್ಲ.

ಕಂಕನಾಡಿ ಎಕ್ಸ್‌ರೇ
ರೈಗಳೇ, ನಿಮ್ಮ ಅಪ್ಪನ ವಿಷಯ ಬೇರೆ, ಆರು ವರ್ಷದ ಮಗುವಿನ ವಿಷಯ ಬೇರೆ. ನಾನು ಡಾಕ್ಟ್ರಲ್ಲ, ಎಕ್ಸ್‌ರೇ, ಸಿಟಿ ತೆಗೆಯುವವನು. ಆದರೂ ಆ ರಿಪೋರ್ಟಿನ ಸಾಲಿನ ಬಗ್ಗೆ ಹೇಳಲೇಬೇಕು. ಮಳೆಗಾಲ ಶುರುವಾದ ಮೇಲೆ ಅದೇ ಸಾಲು ಹಿಡಿದುಕೊಂಡು ಕಣ್ಣೀರು ಹಾಕುವ ಅಮ್ಮಂದಿರನ್ನು ನೋಡಿ ನೋಡಿ ಸಾಕಾಗಿದೆ.

ಪೆರಿಹೈಲರ್ ಅಂದ್ರೆ ದೊಡ್ಡ ಶ್ವಾಸನಾಳ, ರಕ್ತನಾಳಗಳು ಶ್ವಾಸಕೋಶದೊಳಗೆ ಹೊಗುವ ಜಾಗದ ಸುತ್ತಮುತ್ತ. ಅಲ್ಲಿ ನಾಳಗಳ ಗೋಡೆ ಊದಿಕೊಂಡು ದಪ್ಪ ಕಾಣುತ್ತಾ ಉಂಟು ಅನ್ನುವುದೇ ಆ ಉದ್ದದ ಮಾತು. ಫ್ಲೂ ಬಂದ ಮಗುವಿನಲ್ಲೂ ಹೀಗೇ ಕಾಣುತ್ತದೆ, ಸಣ್ಣ ಮಕ್ಕಳಿಗೆ ಶೀತ ಕೆಮ್ಮು ತರುವ ಆರ್‌ಎಸ್‌ವಿ ವೈರಸ್ ಬಂದರೂ ಹೀಗೇ, ಕೊರೊನಾದಲ್ಲೂ ಹೀಗೇ. ಫಿಲ್ಮ್ ನೋಡಿ ಯಾವ ವೈರಸ್ ಅಂತ ಹೇಳುವ ಗಂಡು ಇನ್ನೂ ಹುಟ್ಟಲಿಲ್ಲ.

ಇನ್ನು ಆ "ಸಣ್ಣ ಹೇಜಿನೆಸ್". ಮಕ್ಕಳ ಎದೆಯ ಎಕ್ಸ್‌ರೇ ತೆಗೆಯುವುದನ್ನು ಒಮ್ಮೆ ನೋಡಿ, ಆಮೇಲೆ ನೀವೇ ಹೇಳಿ. ದೊಡ್ಡವರಿಗೆ "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ" ಅಂದ್ರೆ ಹಿಡಿದುಕೊಳ್ಳುತ್ತಾರೆ. ಮಗು ಅಮ್ಮನ ಸೆರಗು ಬಿಡುವುದಿಲ್ಲ, ಕೊಸರಾಡುತ್ತದೆ, ಕಿರುಚುತ್ತದೆ. ಅಮ್ಮನಿಗೆ ಸೀಸದ ಏಪ್ರನ್ ಹಾಕಿ ಕೈ ಹಿಡಿಸಿ, ಮಗು ಒಂದು ಕಿರುಚು ಮುಗಿಸಿ ಮುಂದಿನದಕ್ಕೆ ಉಸಿರು ಎಳೆಯುವ ಕ್ಷಣಕ್ಕೆ ಕಾದು ನಾವು ಬಟನ್ ಒತ್ತಬೇಕು. ಅರೆಕ್ಷಣ ತಡವಾದರೆ ಉಸಿರು ಬಿಟ್ಟ ಚಿತ್ರ ಬರುತ್ತದೆ. ಆಗ ಶ್ವಾಸಕೋಶ ಕುಗ್ಗಿ ಕೆಳಭಾಗ ಬೆಳ್ಳಗೆ ಕಾಣುತ್ತದೆ, ಹೃದಯವೂ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಮೈ ಸ್ವಲ್ಪ ತಿರುಗಿದ್ದರೂ ಒಂದು ಬದಿ ಮಬ್ಬು. ಚಿತ್ರದಲ್ಲಿ ವಪೆಯ (ಎದೆ ಹೊಟ್ಟೆ ನಡುವಿನ ಸ್ನಾಯುವಿನ ಪರದೆ) ಮೇಲೆ ಹಿಂಬದಿಯ ಎಂಟೊಂಬತ್ತು ಪಕ್ಕೆಲುಬು ಎಣಿಸಲು ಸಿಕ್ಕಿದರೆ ಉಸಿರು ಸರಿಯಾಗಿ ಎಳೆದಿದೆ ಅಂತ ಲೆಕ್ಕ. ಇನ್ನೂ ಸಣ್ಣ ಹಸುಗೂಸಾದರೆ ಎದೆಮೂಳೆಯ ಹಿಂದೆ ಥೈಮಸ್ ಗ್ರಂಥಿ ದೊಡ್ಡದಾಗಿ ಇರುತ್ತದೆ, ಅದು ದೋಣಿಯ ಹಾಯಿಯ ಆಕಾರದಲ್ಲಿ ಒಂದು ಬದಿಗೆ ಚಾಚಿರುತ್ತದೆ. ಗೊತ್ತಿಲ್ಲದವರು ಅದನ್ನೇ ನ್ಯುಮೋನಿಯಾ ಅಂತಾರೆ.

ಸಣ್ಣ ಮಬ್ಬು ಅಂದರೆ ಸುಳ್ಳೇ ಅಂತ ನಾನು ಹೇಳ್ತಾ ಇಲ್ಲ. ನಿಜವಾಗಿಯೂ ಇರಬಹುದು. ಆದರೆ ಇದ್ದರೂ ಅದರಿಂದ ಮಗುವಿನ ಔಷಧಿ ಬದಲಾಗುತ್ತದಾ ಅನ್ನುವುದು ಪ್ರಶ್ನೆ. ಅದಕ್ಕೆ ಡಾಕ್ಟ್ರು ಯಾರಾದ್ರೂ ಉತ್ತರ ಕೊಡಲಿ.

ಸುರತ್ಕಲ್ ಅಮ್ಮ
ತುಂಬಾ ಉಪಕಾರ ಆಯ್ತು. ಹೌದು, ಎಕ್ಸ್‌ರೇ ರೂಮಲ್ಲಿ ಅವನು ಆಕಾಶಪಾತಾಳ ಒಂದು ಮಾಡಿದ್ದ, ಹೊರಗೆ ಕೂತವರೆಲ್ಲ ಎದ್ದು ನೋಡಿದ್ರು. ಸಿಟಿಯಲ್ಲಾದ್ರೆ ಸರಿಯಾಗಿ ಗೊತ್ತಾಗುತ್ತದಲ್ಲ? ಅದಕ್ಕೇ ಭಾವ ಹಠ ಮಾಡುವುದು.

ನಿರ್ವಾಹಕರು
ಇಲ್ಲಿದ್ದ ಒಂದು ಉತ್ತರ ತೆಗೆದಿದ್ದೇವೆ. ಮಕ್ಕಳಿಗೆ ಸ್ಟೀರಾಯ್ಡ್ ಮಾತ್ರೆ, ಆಂಟಿಬಯೋಟಿಕ್ ಹೆಸರು ಮತ್ತು ಪ್ರಮಾಣ ಬರೆದು "ನಮ್ಮ ಮನೆಯಲ್ಲಿ ಇದೇ ಕೊಟ್ಟದ್ದು" ಎಂದು ಹಾಕುವುದು ಬೇಡ. ಅನುಭವ ಬರೆಯಿರಿ, ಚೀಟಿ ಬರೆಯಬೇಡಿ.

ಉಡುಪಿ ಮಕ್ಕಳ ಡಾಕ್ಟ್ರು
ಒಪಿಡಿ ಮುಗಿಸಿ ಈಗ ನೋಡಿದೆ. ತೆಗೆದುಹಾಕಿದ್ದು ಒಳ್ಳೆಯದಾಯ್ತು. ಸೌಮ್ಯ ಕೊರೊನಾಕ್ಕೆ ಮಕ್ಕಳಿಗೆ ಸ್ಟೀರಾಯ್ಡ್ ಕೊಟ್ಟರೆ ಕೇಡೇ ಹೆಚ್ಚು ಅಂತ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2021ರ ಜೂನಿನಲ್ಲೇ ಹೇಳಿದೆ. ರೆಮ್‌ಡೆಸಿವಿರ್ 18ರ ಒಳಗಿನವರಿಗೆ ಬೇಡ ಅಂತಲೂ, ಎದೆಯ ಎಚ್‌ಆರ್‌ಸಿಟಿಯನ್ನು, ಅಂದರೆ ಶ್ವಾಸಕೋಶವನ್ನು ಸೂಕ್ಷ್ಮವಾಗಿ ತೋರಿಸುವ ಸಿಟಿ ಸ್ಕ್ಯಾನನ್ನು, ಅಳೆದು ತೂಗಿ ಬಳಸಿ ಅಂತಲೂ ಅದೇ ಮಾರ್ಗಸೂಚಿಯಲ್ಲಿ ಉಂಟು. ಹಾಗಾಗಿ ನಿಮ್ಮ ಡಾಕ್ಟ್ರು ಉದಾಸೀನ ಮಾಡಿದ್ದಲ್ಲ ಅಮ್ಮ, ಸರಿಯಾದದ್ದನ್ನೇ ಹೇಳಿದ್ದಾರೆ.

ಸಿಟಿಯಲ್ಲಿ ಸರಿಯಾಗಿ ಗೊತ್ತಾಗುತ್ತದಲ್ಲ ಅಂತ ಕೇಳಿದ್ರಿ. ಎಂತದು ಗೊತ್ತಾಗುವುದು? 2020ರ ಮಾರ್ಚಿನಲ್ಲಿ ವುಹಾನ್ ಮಕ್ಕಳ ಆಸ್ಪತ್ರೆಯಿಂದ 171 ಸೋಂಕಿತ ಮಕ್ಕಳ ವರದಿ ಬಂತು. ಅದನ್ನು ನಮ್ಮ ಪಿಜಿ ಮಕ್ಕಳಿಗೆ ಈಗಲೂ ಓದಿಸ್ತೇನೆ. ಕಾಯಿಲೆಯ ಯಾವುದೇ ಹಂತದಲ್ಲಿ ಜ್ವರ ಇದ್ದದ್ದು 41.5 ಶೇಕಡಾ ಮಕ್ಕಳಿಗೆ ಮಾತ್ರ. ಕೆಮ್ಮು 48.5, ಗಂಟಲು ಕೆಂಪಾಗಿದ್ದದ್ದು 46.2. ಎದೆಯ ಚಿತ್ರದಲ್ಲಿ ಮಸುಕು ಗಾಜಿನಂಥ ಕಲೆ, ಅಂದರೆ ಗ್ರೌಂಡ್ ಗ್ಲಾಸ್ ಅಂತಾರಲ್ಲ ಅದು, ಸುಮಾರು ಮೂರರಲ್ಲಿ ಒಂದು ಪಾಲು ಮಕ್ಕಳಲ್ಲಿ. ಇದಿಷ್ಟೂ ಎಲ್ಲರಿಗೂ ನೆನಪಿರುತ್ತದೆ. ಮರೆಯುವುದು ಇನ್ನೊಂದು: ಆ ಮಕ್ಕಳಲ್ಲಿ 12 ಮಂದಿಗೆ ಚಿತ್ರದಲ್ಲಿ ನ್ಯುಮೋನಿಯಾ ಇತ್ತು, ಮೈಯಲ್ಲಿ ರೋಗದ ಲಕ್ಷಣ ಒಂದೂ ಇರಲಿಲ್ಲ. ಐಸಿಯು ಬೇಕಾದದ್ದು ಮೂವರಿಗೆ, ಆ ಮೂವರಿಗೂ ಮೊದಲೇ ಬೇರೆ ಕಾಯಿಲೆ ಇತ್ತು.

ಈಗ ಆಲೋಚನೆ ಮಾಡಿ. ಸಿಟಿ ಮಾಡಿಸಿದ್ರಿ, ನಾಲ್ಕು ಕಲೆ ಕಾಣ್ತು ಅಂತಿಟ್ಟುಕೊಳ್ಳಿ. ಮಗು ಆಡ್ತಾ ಉಂಟು, ಆಮ್ಲಜನಕ 97. ಔಷಧಿ ಅದೇ ಪ್ಯಾರಾಸಿಟಮಾಲ್. ಹೆಚ್ಚಾಗುವುದು ಮನೆಯವರ ಬಿಪಿ ಮಾತ್ರ. ಕಲೆ ಕಾಣಲಿಲ್ಲ ಅಂತಿಟ್ಟುಕೊಳ್ಳಿ, ಆದರೆ ಮಗು ಏದುಸಿರು ಬಿಡ್ತಾ ಉಂಟು. ಆಗ ಸಿಟಿ ಚೆನ್ನಾಗಿದೆ ಅಂತ ಮನೆಗೆ ಕಳಿಸಲಿಕ್ಕೆ ಆಗುತ್ತದಾ?

ನಾನು ನೋಡುವುದು ಇಷ್ಟು. ಮಗು ಮಲಗಿದ್ದಾಗ, ಇಲ್ಲವೇ ಅಳದೆ ಕೂತಿದ್ದಾಗ, ಅಂಗಿ ಮೇಲೆತ್ತಿ ಹೊಟ್ಟೆ ಎದೆ ಏಳುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಡಿ, ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ. ಎರಡು ತಿಂಗಳ ಒಳಗಿನ ಕೂಸಿಗೆ 60 ಮುಟ್ಟಿದರೆ ವೇಗ ಜಾಸ್ತಿ, ಒಂದು ವರ್ಷದ ಒಳಗೆ 50, ಐದು ವರ್ಷದ ಒಳಗೆ 40, ಅದಕ್ಕಿಂತ ದೊಡ್ಡವರಿಗೆ 30. ಜ್ವರ ಏರಿದಾಗ ಎಲ್ಲ ಮಕ್ಕಳದ್ದೂ ಜಾಸ್ತಿ ಆಗುತ್ತದೆ, ಹಾಗಾಗಿ ಜ್ವರ ಇಳಿದ ಮೇಲೆ ಇನ್ನೊಮ್ಮೆ ಎಣಿಸಿ. ಉಸಿರು ಎಳೆಯುವಾಗ ಪಕ್ಕೆಯ ಕೆಳಗೆ ಗುಳಿ ಬೀಳುವುದು, ಮೂಗಿನ ಹೊಳ್ಳೆ ಅರಳುವುದು, ಉಸಿರು ಬಿಡುವಾಗ ನರಳುವುದು, ತುಟಿ ನೀಲಿಯಾಗುವುದು, ಕುಡಿಯಲು ಒಪ್ಪದಿರುವುದು, ಎಬ್ಬಿಸಿದರೂ ಮಂಪರು, ಏಳೆಂಟು ಗಂಟೆ ಮೂತ್ರ ಇಲ್ಲ. ಇದರಲ್ಲಿ ಒಂದು ಕಂಡರೂ ಫೋರಂನಲ್ಲಿ ಬರೆಯುತ್ತಾ ಕೂರಬೇಡಿ, ಹೊರಡಿ. ಆಮ್ಲಜನಕ 94ರ ಕೆಳಗೆ ಬಂದರೂ ಹಾಗೆಯೇ. ಬೆರಳಿಗೆ ಸಿಕ್ಕಿಸುವ ದೊಡ್ಡವರ ಮಾಪಕ ಸಣ್ಣ ಮಕ್ಕಳ ಬೆರಳಲ್ಲಿ ಸಡಿಲ ಆಗಿ ಸುಳ್ಳು ಲೆಕ್ಕ ತೋರಿಸುತ್ತದೆ. ಹೆಬ್ಬೆರಳಿಗೋ ಕಾಲಿನ ಹೆಬ್ಬೆರಳಿಗೋ ಹಾಕಿ, ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ, ಅಂಕಿ ನಿಲ್ಲುವವರೆಗೆ ಕಾಯಿರಿ.

ವಾಂತಿ, ಹೊಟ್ಟೆನೋವು, ಬೇಧಿ ಎಲ್ಲ ಮಕ್ಕಳ ಕೊರೊನಾದಲ್ಲಿ ಮಾಮೂಲು. ಬರೀ ಹೊಟ್ಟೆಯ ತೊಂದರೆಯಿಂದಲೇ ಶುರುವಾದವರೂ ಇದ್ದಾರೆ. ಒಮಿಕ್ರಾನ್ ಬಂದ ಮೇಲೆ ನಾಯಿ ಬೊಗಳಿದ ಹಾಗೆ ಕೆಮ್ಮುವ ಕ್ರೂಪ್, ಜ್ವರದ ಜತೆ ಫಿಟ್ಸ್, ಇವೂ ಹೆಚ್ಚು ಕಾಣಿಸಿಕೊಂಡವು.

ಬಜ್ಪೆ ರೈ
ಡಾಕ್ಟ್ರೆ, ಹಾಗಾದ್ರೆ ನಮ್ಮ ಅಪ್ಪನಿಗೆ ಮಾಡಿಸಿದ್ದೂ ದಂಡವಾ? ಆಗ ಎಲ್ಲರೂ ಕೇಳ್ತಾ ಇದ್ದದ್ದೇ "ಸ್ಕೋರ್ ಎಷ್ಟು" ಅಂತ. ಸಿಟಿಯವರ ಎದುರು ಕ್ಯೂ ನೋಡಿ ಸರ್ಕಾರ 1,500 ರೂಪಾಯಿ ಅಂತ ದರವನ್ನೇ ಕಟ್ಟಬೇಕಾಯ್ತು.

ಉಡುಪಿ ಮಕ್ಕಳ ಡಾಕ್ಟ್ರು
ದಂಡ ಅಂತ ಯಾರು ಹೇಳಿದ್ರು ಮಾರಾಯ್ರೆ. 60 ದಾಟಿದವರಿಗೆ ಡೆಲ್ಟಾ ಸಮಯದಲ್ಲಿ ಉಸಿರು ಬಿಗಿದಾಗ ಅದರಿಂದ ಉಪಯೋಗ ಆಗಿದ್ದಿರಬಹುದು. ಆ 25ರ ಸ್ಕೋರ್ ಅಂದರೆ ಶ್ವಾಸಕೋಶದ ಐದು ಹಾಲೆಗಳಿಗೆ, ಅಂದರೆ ಐದು ಭಾಗಗಳಿಗೆ, ತಲಾ ಐದು ಅಂಕ. ದೊಡ್ಡವರ ಚಿತ್ರಗಳಿಂದ ಮಾಡಿದ ಲೆಕ್ಕ ಅದು. ಮಕ್ಕಳ ಶ್ವಾಸಕೋಶದಲ್ಲಿ ಸಾಮಾನ್ಯವಾಗಿ ಅಷ್ಟು ಹರಡುವುದೇ ಇಲ್ಲ. ಮೂಗಿನ ಒಳಪದರದಲ್ಲಿ ವೈರಸ್ ಹಿಡಿದುಕೊಳ್ಳುವ ಎಸಿಇ2 ಗ್ರಾಹಕ ಮಕ್ಕಳಲ್ಲಿ ಕಡಿಮೆ, ಮೇಲಿನ ಶ್ವಾಸಮಾರ್ಗದಲ್ಲೇ ಅವರ ರೋಗನಿರೋಧಕ ಶಕ್ತಿ ಬೇಗ ಎಚ್ಚರವಾಗುತ್ತದೆ. ಹೆಚ್ಚಿನವರಲ್ಲಿ ಕಾಯಿಲೆ ಮೂಗು ಗಂಟಲಲ್ಲೇ ಮುಗಿಯುತ್ತದೆ.

ಕಂಕನಾಡಿ ಎಕ್ಸ್‌ರೇ
ಸಿಟಿಯಲ್ಲಿ ಎಂತ ಕಾಣುತ್ತದೆ ಅಂತ ನಾನು ಸ್ವಲ್ಪ ಸೇರಿಸ್ತೇನೆ, ಇಲ್ಲದಿದ್ರೆ ಜನ ಗೂಗಲ್ ಮಾಡಿ ದೊಡ್ಡವರ ಚಿತ್ರ ನೋಡಿ ಹೆದರುತ್ತಾರೆ. ಗ್ರೌಂಡ್ ಗ್ಲಾಸ್ ಇದ್ದ ಜಾಗದಲ್ಲಿ ಹಿಂದಿನ ರಕ್ತನಾಳ ಮಬ್ಬು ಮಬ್ಬಾಗಿಯಾದರೂ ಕಾಣುತ್ತದೆ, ಬಚ್ಚಲುಕೋಣೆಯ ಕಿಟಕಿ ಗಾಜಿನಾಚೆ ಮರದ ಗೆಲ್ಲು ಕಂಡ ಹಾಗೆ. ನಾಳವೇ ಮುಚ್ಚಿಹೋಗುವಷ್ಟು ಬೆಳ್ಳಗಾದರೆ ಅದು ಕನ್ಸಾಲಿಡೇಶನ್. ಮಕ್ಕಳಲ್ಲಿ ಕೊರೊನಾದ ಕಲೆಗಳು ಹೆಚ್ಚಾಗಿ ಹೊರ ಅಂಚಿಗೆ, ಶ್ವಾಸಕೋಶದ ಹೊದಿಕೆಯಾದ ಪ್ಲೂರಾ ಪದರದ ಹತ್ತಿರ, ಕೆಳಗಿನ ಹಾಲೆಗಳಲ್ಲಿ. ಸಣ್ಣದು, ಒಂದೋ ಎರಡೋ, ಕೆಲವೊಮ್ಮೆ ಒಂದೇ ಬದಿಗೆ. ಕನ್ಸಾಲಿಡೇಶನ್ ಸುತ್ತ ಮಸುಕು ಬಳೆ ಇರುವ ಹೇಲೋ ಚಿಹ್ನೆಯನ್ನು ಚೀನಾದ ಮೊದಲ ವರದಿಗಳಲ್ಲಿ ಮಕ್ಕಳಲ್ಲಿ ಕಂಡಿದ್ದಾರೆ. ತುಂಬಾ ಮಕ್ಕಳ ಸಿಟಿಯಲ್ಲಿ ಏನೂ ಇರುವುದಿಲ್ಲ, ಪಿಸಿಆರ್ ಪಾಸಿಟಿವ್ ಇದ್ದರೂ.

ರೇಡಿಯೇಷನ್ ಬಗ್ಗೆ ಯಾರೂ ಕೇಳಲಿಲ್ಲ, ಆದರೂ ಹೇಳ್ತೇನೆ. 2021ರ ಮೇಯಲ್ಲಿ ಏಮ್ಸ್ ನಿರ್ದೇಶಕರಾಗಿದ್ದ ಡಾ. ರಣದೀಪ್ ಗುಲೇರಿಯಾ ಒಂದು ಸಿಟಿ ಅಂದರೆ 300–400 ಎಕ್ಸ್‌ರೇಗೆ ಸಮ ಅಂದರು. ರೇಡಿಯಾಲಜಿ ತಜ್ಞರ ಸಂಘ ಕೂಡಲೇ ಅಲ್ಲಗಳೆಯಿತು, ಈಗಿನ ಯಂತ್ರಗಳಲ್ಲಿ ಅಷ್ಟಿಲ್ಲ ಅಂತ. ಯಂತ್ರ, ಸೆಟ್ಟಿಂಗ್ ನೋಡಿಕೊಂಡು ಲೆಕ್ಕ ತುಂಬಾ ವ್ಯತ್ಯಾಸ ಆಗುವುದು ನಿಜ. ಆದರೂ ಎಕ್ಸ್‌ರೇಗಿಂತ ಹಲವು ಪಟ್ಟು ಹೆಚ್ಚು ಅನ್ನುವುದರಲ್ಲಿ ಯಾರಿಗೂ ತಕರಾರಿಲ್ಲ. ಬೆಳೆಯುವ ಮೈ, ಮುಂದೆ ಇನ್ನೂ ಉದ್ದದ ಆಯುಷ್ಯ. ಹಾಗಾಗಿ ಮಕ್ಕಳಿಗೆ ಕಾರಣ ಇಲ್ಲದೆ ಬೇಡ. ಸಣ್ಣ ಮಗು ಅಲುಗಾಡದೆ ಮಲಗಲಿಕ್ಕೆ ಕೆಲವೊಮ್ಮೆ ನಿದ್ದೆ ಔಷಧಿಯೂ ಕೊಡಬೇಕಾಗುತ್ತದೆ, ಉಸಿರಾಟದ ಕಾಯಿಲೆ ಇರುವಾಗ ಅದೊಂದು ತಲೆಬಿಸಿ.

ಬಜ್ಪೆ ರೈ
ಉಳ್ಳಾಲದ ಮರಳಲ್ಲೇ ಮೋನಜೈಟ್ ಉಂಟು, ರೇಡಿಯೇಷನ್ ಉಂಟು ಅಂತಾರೆ. ಆದಿತ್ಯವಾರ ಮಕ್ಕಳನ್ನೆಲ್ಲ ಅಲ್ಲಿಗೇ ಕರ್ಕೊಂಡು ಹೋಗಿ ಚುರುಮುರಿ ತಿನ್ನಿಸುವುದಲ್ವಾ ನಾವು! 😄 ಆಯ್ತು ಆಯ್ತು, ನಾನು ಸಿಟಿ ವಿಷಯ ಬಿಟ್ಟೆ.

ಬ್ರಹ್ಮಾವರ ಚಿಕ್ಕಮ್ಮ
ನಾನು ಬರೆಯಬೇಕೋ ಬೇಡವೋ ಅಂತ ಇದ್ದೆ. ಹೆದರಿಸಲಿಕ್ಕೆ ಅಲ್ಲ, ತಿಳಿದಿರಲಿ ಅಂತ.

ಎರಡನೇ ಅಲೆ ಇಳಿದ ಮೇಲೆ ನನ್ನ ತಂಗಿಯ ಮಗಳಿಗೆ ಜ್ವರ ಬಂತು. ಎಂಟು ವರ್ಷ ಆಗ. ಮನೆಯಲ್ಲಿ ಎಲ್ಲರಿಗೂ ಕೊರೊನಾ ಬಂದು ಹೋಗಿ ಹೆಚ್ಚುಕಡಿಮೆ ತಿಂಗಳಾಗಿತ್ತು, ಅವಳಿಗೆ ಆಗ ಶೀತ ಮಾತ್ರ. ಈ ಸಲ ಜ್ವರ ಇಳಿಯುವುದೇ ಇಲ್ಲ. ಬಲಗಡೆ ಹೊಟ್ಟೆನೋವು. ಮೊದಲು ತೋರಿಸಿದ ಕಡೆ ಅಪೆಂಡಿಸೈಟಿಸ್, ಆಪರೇಷನ್ ಆಗಬೇಕು ಅಂದ್ರು. ಕಣ್ಣು ಕೆಂಡದ ಹಾಗೆ ಕೆಂಪು, ಆದರೆ ಪಿಸುರು ಇಲ್ಲ. ತುಟಿ ಒಡೆದು ಕೆಂಪು, ಬೆನ್ನಲ್ಲಿ ದದ್ದು. ಅಮ್ಮ "ದೃಷ್ಟಿ ಆಗಿರಬೇಕು" ಅಂತ ಮೆಣಸು ಸುಟ್ಟರು. ಮಣಿಪಾಲಕ್ಕೆ ಕರ್ಕೊಂಡು ಹೋದಾಗ ಬಿಪಿ ಇಳಿದಿತ್ತು, ಸೀದಾ ಐಸಿಯುಗೆ. ಅಲ್ಲಿ ಕೇಳಿದ ಮೊದಲ ಪ್ರಶ್ನೆ, "ಮನೆಯಲ್ಲಿ ಯಾರಿಗಾದ್ರೂ ಕೊರೊನಾ ಬಂದಿತ್ತಾ, ಯಾವಾಗ?" ಇಮ್ಯುನೋಗ್ಲೋಬುಲಿನ್ ಕೊಟ್ಟರು, ಸ್ಟೀರಾಯ್ಡ್ ಕೊಟ್ಟರು. ಈಗ ಯಕ್ಷಗಾನ ಕಲೀತಾಳೆ, ಚಂಡೆ ಕೇಳಿದ್ರೆ ಕೂರುವುದೇ ಇಲ್ಲ. ಆದರೆ ಹೃದಯದ ಎಕೋ ತುಂಬಾ ಸಮಯ ಮಾಡಿಸ್ತಾ ಇದ್ರು.

ಸುರತ್ಕಲ್ ಅಮ್ಮ
ಅಯ್ಯೋ ದೇವರೇ. ನನ್ನ ಮಗನಿಗೂ ಹೊಟ್ಟೆನೋವು ಅಂತ ಬರೆದಿದ್ದೆನಲ್ಲ. ಇದು ಅದಾ?

ಉಡುಪಿ ಮಕ್ಕಳ ಡಾಕ್ಟ್ರು
ಅಲ್ಲ. ಸೋಂಕಿನ ಮೊದಲ ದಿನಗಳಲ್ಲಿ ಬಂದ ಹೊಟ್ಟೆನೋವು, ಎರಡು ದಿನದಲ್ಲಿ ಕಡಿಮೆ ಆದದ್ದು, ಅದು ಬೇರೆ.

ಚಿಕ್ಕಮ್ಮ ಹೇಳಿದ್ದು ಎಂಐಎಸ್-ಸಿ. 2020ರ ಏಪ್ರಿಲ್ ಹೊತ್ತಿಗೆ ಇಂಗ್ಲೆಂಡಿನ ಮಕ್ಕಳ ವೈದ್ಯರು ಮೊದಲು ಗುರುತಿಸಿದರು. ಸೋಂಕು ಬಂದು ಎರಡರಿಂದ ಆರು ವಾರದ ನಡುವೆ ಮೈಯ ರೋಗನಿರೋಧಕ ವ್ಯವಸ್ಥೆಯೇ ಕೆರಳಿ ಹೃದಯ, ಕರುಳು, ಚರ್ಮ, ರಕ್ತನಾಳ ಎಲ್ಲದಕ್ಕೂ ಉರಿಯೂತ ತರುತ್ತದೆ. ಮಕ್ಕಳ ರಕ್ತನಾಳಗಳಿಗೆ ಉರಿಯೂತ ಬರುವ ಕವಾಸಾಕಿ ಕಾಯಿಲೆಗೆ ಹತ್ತಿರದ್ದು. ಅವರು ಬರೆದ ಒಂದೊಂದು ಲಕ್ಷಣವೂ ಪುಸ್ತಕದಲ್ಲಿ ಇದ್ದ ಹಾಗೇ ಉಂಟು, ಕೀವಿಲ್ಲದ ಕೆಂಪು ಕಣ್ಣೂ ಸೇರಿ. ಹೊಟ್ಟೆಯ ಅಲ್ಟ್ರಾಸೌಂಡಲ್ಲಿ ಬಲಗಡೆ ಕರುಳು ದಪ್ಪ, ಗ್ರಂಥಿ ಊದಿದ್ದು, ಸ್ವಲ್ಪ ನೀರು ಕಾಣುತ್ತದೆ, ಅದಕ್ಕೇ ಅಪೆಂಡಿಕ್ಸ್ ಅಂತ ಅನುಮಾನ ಬರುವುದು.

ಈ ಚರ್ಚೆ ಶುರುವಾದದ್ದು ಎದೆಯ ಚಿತ್ರದಿಂದ, ಹಾಗಾಗಿ ಇದನ್ನೂ ಹೇಳ್ತೇನೆ. ಎಂಐಎಸ್-ಸಿಯಲ್ಲಿ ಎದೆಯ ಎಕ್ಸ್‌ರೇ ಪೂರ್ತಿ ಬೇರೆ ಕತೆ. ಹೃದಯ ದೊಡ್ಡದಾಗಿರಬಹುದು, ಶ್ವಾಸಕೋಶದಲ್ಲಿ ನೀರು ತುಂಬಿದ ನೆರಳು, ಎರಡೂ ಬದಿಯ ಪ್ಲೂರಾದಲ್ಲಿ ನೀರು. ಮೂಲ ತೊಂದರೆ ಹೃದಯದ್ದು, ಶ್ವಾಸಕೋಶಕ್ಕೆ ಅದರ ಪರಿಣಾಮ. ಅಲ್ಲಿ ಬೇಕಾದದ್ದು ಎಕೋ. ಹೃದಯ ಎಷ್ಟು ಬಲವಾಗಿ ಹಿಂಡುತ್ತಾ ಉಂಟು, ಹೃದಯಕ್ಕೆ ರಕ್ತ ಕೊಡುವ ಕರೊನರಿ ನಾಳ ಹಿಗ್ಗಿದೆಯಾ ಅಂತ ನೋಡಲಿಕ್ಕೆ. ಜತೆಗೆ ಸಿಆರ್‌ಪಿ, ಫೆರಿಟಿನ್, ಡಿ-ಡೈಮರ್ ರಕ್ತ ಪರೀಕ್ಷೆಗಳು. ನಮ್ಮ ಕರಾವಳಿಯಲ್ಲಿ ಇನ್ನೊಂದು ಪೇಚು ಉಂಟು. ಡೆಂಗಿ, ಇಲಿಜ್ವರ ಎರಡರಲ್ಲೂ ಜ್ವರ, ಹೊಟ್ಟೆನೋವು, ಕೆಂಪು ಕಣ್ಣು, ಬಿಪಿ ಇಳಿಯುವುದು ಬರಬಹುದು. ಹಾಗಾಗಿ ಎಂಐಎಸ್-ಸಿ ಅನ್ನುವ ಮೊದಲು ಅವನ್ನೂ ತಳ್ಳಿಹಾಕಬೇಕು. ಒಮಿಕ್ರಾನ್ ನಂತರ ಎಂಐಎಸ್-ಸಿ ತುಂಬಾ ಕಡಿಮೆಯಾಗಿದೆ, ರಾತ್ರಿಯಿಡೀ ಯೋಚನೆ ಮಾಡಬೇಡಿ. ಇನ್ನು ಆರು ವಾರದೊಳಗೆ ಮತ್ತೆ ಜ್ವರ ಬಂದು ಮೂರು ದಿನ ನಿಂತರೆ ತೋರಿಸಿ, ಕೊರೊನಾ ಬಂದಿತ್ತು ಅಂತ ಬಾಯಿಬಿಟ್ಟು ಹೇಳಿ. ಹೇಳದಿದ್ರೆ ಡಾಕ್ಟ್ರಿಗೆ ಗೊತ್ತಾಗುವುದು ಹೇಗೆ?

ಕಾಪು ಟೀಚರ್
ಶಾಲೆಯ ವಿಷಯ ಒಂದು ಹೇಳಿ ಡಾಕ್ಟ್ರೆ. ಕೆಲವು ಹೆತ್ತವರು ಜ್ವರದ ಮಾತ್ರೆ ಕೊಟ್ಟು ಮಕ್ಕಳನ್ನು ಕಳಿಸ್ತಾರೆ. ಹನ್ನೊಂದು ಗಂಟೆಗೆ ಮಾತ್ರೆ ಇಳಿಯುತ್ತದೆ, ಮಗು ಬೆಂಚಿನ ಮೇಲೆ ತಲೆ ಇಟ್ಟು ಮಲಗುತ್ತದೆ. ನಾವು ಫೋನ್ ಮಾಡಿದ್ರೆ "ಬೆಳಿಗ್ಗೆ ಹುಷಾರಿದ್ದ ಟೀಚರೇ" ಅಂತ ಉತ್ತರ. ಮಾಸ್ಕ್ ಹಾಕಿಸಬೇಕಾ?

ಉಡುಪಿ ಮಕ್ಕಳ ಡಾಕ್ಟ್ರು
ಮಾತ್ರೆ ಇಲ್ಲದೆ ಪೂರ್ತಿ ಒಂದು ದಿನ ಜ್ವರ ಇಲ್ಲ ಅಂತಾದ ಮೇಲೆ ಕಳಿಸಲಿ. ಐದು ವರ್ಷದ ಒಳಗಿನವರಿಗೆ ಮಾಸ್ಕ್ ಬೇಡ. ಆರರಿಂದ ಹನ್ನೊಂದರವರಿಗೆ ದೊಡ್ಡವರು ನೋಡಿಕೊಳ್ಳುವುದಾದರೆ ಹಾಕಬಹುದು. ಜ್ವರಕ್ಕೆ ಆಸ್ಪಿರಿನ್ ಮಾತ್ರ ಯಾವ ಕಾರಣಕ್ಕೂ ಮಕ್ಕಳಿಗೆ ಕೊಡಬೇಡಿ, ಇದನ್ನು ಹೆತ್ತವರ ಸಭೆಯಲ್ಲಿ ಹೇಳಿಬಿಡಿ.

ಸುರತ್ಕಲ್ ಅಮ್ಮ
ಜ್ವರ ನಿನ್ನೆಯಿಂದ ಇಲ್ಲ. ಕೆಮ್ಮು ಉಂಟು, ರಾತ್ರಿ ಜಾಸ್ತಿ. ಇವತ್ತು ದೋಸೆ ಕೇಳಿ ತಿಂದ. ಮಲಗಿದ್ದಾಗ ಉಸಿರು ಎಣಿಸಿದೆ, 24. ಭಾವನವರಿಗೆ ಇಲ್ಲಿನ ಎಲ್ಲವನ್ನೂ ಕಳಿಸಿದೆ. "ಸರಿ, ಡಾಕ್ಟ್ರು ಹೇಳಿದ ಹಾಗೆ ಮಾಡಿ" ಅಂದ್ರು, ಧ್ವನಿಯಲ್ಲಿ ಪೂರ್ತಿ ಒಪ್ಪಿಗೆ ಇರಲಿಲ್ಲ. ಒಂದೇ ಪ್ರಶ್ನೆ ಉಳಿದದ್ದು: ಮಬ್ಬು ಹೋಯ್ತಾ ಅಂತ ನೋಡಲಿಕ್ಕೆ ಇನ್ನೊಂದು ಎಕ್ಸ್‌ರೇ ತೆಗೆಸಬೇಕಾ?

ಉಡುಪಿ ಮಕ್ಕಳ ಡಾಕ್ಟ್ರು
ಮಗು ಚೇತರಿಸಿಕೊಳ್ತಾ ಇದ್ದರೆ ಬೇಡ. ಮಗು ಆಡಲು ಶುರುಮಾಡಿ ಎಷ್ಟೋ ದಿನದ ನಂತರವೂ ಎಕ್ಸ್‌ರೇಯಲ್ಲಿ ನೆರಳು ಉಳಿದಿರುತ್ತದೆ. ಈಗ ತೆಗೆಸಿದರೆ ಮತ್ತೆ ಅದೇ ಸಾಲು ಬರುತ್ತದೆ, ಮತ್ತೆ ಮುಂಬಯಿಯಿಂದ ಫೋನು ಬರುತ್ತದೆ. ಕೆಮ್ಮು ನಾಲ್ಕು ವಾರ ದಾಟಿದರೆ, ತೂಕ ಇಳಿದರೆ, ಓಡಿದಾಗ ಉಸಿರು ಹಿಡಿದರೆ ಆಗ ಬನ್ನಿ.

ಕಂಕನಾಡಿ ಎಕ್ಸ್‌ರೇ
ಹಳೆಯ ಫಿಲ್ಮ್ ಬಿಸಾಡಬೇಡಿ ಅಕ್ಕ. ಮೊಬೈಲಲ್ಲಿ ಫೋಟೋ ತೆಗೆದು ಇಟ್ರೆ ಸಾಲದು, ಫಿಲ್ಮೇ ಇರಲಿ. ಮುಂದೆ ಯಾವತ್ತಾದ್ರೂ ತೆಗೆಸಬೇಕಾಗಿ ಬಂದ್ರೆ ಹೋಲಿಸಿ ನೋಡಲಿಕ್ಕೆ ಅದೇ ಬೇಕಾಗುವುದು. ಮಡಚಬೇಡಿ, ಹಾಸಿಗೆಯ ಅಡಿಯಲ್ಲಿ ಚಪ್ಪಟೆ ಇಡಿ. ಮಳೆಗಾಲದಲ್ಲಿ ಕಪಾಟಿನೊಳಗೆ ಬೂಸ್ಟು ಬರುತ್ತದೆ.